ಅಪ್ಪ-ಅಮ್ಮನ ಕೋಣೆಯ ರಾತ್ರಿದೀಪ

ಊರಿನಿಂದ ಅಪ್ಪ-ಅಮ್ಮ ಬರುವುದು ಹೆಚ್ಚಾಗಿ ಬೇಸಿಗೆಯಲ್ಲಿ. ವೀಸಾದ 90 ದಿನ ಮೊಮ್ಮಕ್ಕಳೊಂದಿಗೆ ನಲಿದಿರಲಿ ಎಂಬುದು ನಮ್ಮ ಆಸೆ. ಎರಡು ವಾರ ಕಳೆಯುವಷ್ಟರಲ್ಲಿ "ನಿದ್ದೆಯೇ ಬರೋದಿಲ್ಲ ಕಣೋ, ಮನಸ್ಸಿಗೆ ಏನೋ ಮಂಕು" ಎಂಬ ಮಾತು ಶುರು. ಊರಿನ ನೆನಪು ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಅದೂ ಇರಬಹುದು, ಆದರೆ ಅವರು ಮಲಗುವ ಕೋಣೆಯ ಬೆಳಕನ್ನೂ ಒಮ್ಮೆ ನೋಡಬೇಕು.

ಬೆಂಗಳೂರಿನಲ್ಲಿ ಜೂನ್ ತಿಂಗಳಲ್ಲೂ ಏಳು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಆಂಸ್ಟರ್‌ಡ್ಯಾಮ್‌ನಲ್ಲಿ ಆಗ ರಾತ್ರಿ ಹತ್ತು ದಾಟಬೇಕು. ಬೆಳಗಿನ ಐದೂಕಾಲರ ಸುಮಾರಿಗೆ ಮತ್ತೆ ಹಾಜರು! ಒಂಬತ್ತಕ್ಕೆ ಮಲಗಿ ರೂಢಿಯಾದವರಿಗೆ ಇದು ಹಗಲಲ್ಲೇ ಮಲಗಿದಂತೆ. ಕತ್ತಲಾದ ಮೇಲೆ ಬೀದಿದೀಪ, ಅದರ ಮೇಲೆ ಊರಿನ ಅಭ್ಯಾಸದ ಜೀರೋ ಬಲ್ಬ್.

ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ಬೆಳಕು, ಅದರಲ್ಲೂ ನೀಲಿ ಬೆಳಕು, ಅದನ್ನು ತಡೆಯುತ್ತದೆ. ಜಪಾನಿನ ನಾರಾದಲ್ಲಿ ಕೆಂಜಿ ಓಬಯಾಶಿ ಮತ್ತು ಸಂಗಡಿಗರು ಹಿರಿಯರ ಮಲಗುವ ಕೋಣೆಗಳಲ್ಲೇ ಬೆಳಕನ್ನು ಅಳೆದರು. ರಾತ್ರಿ ಸರಾಸರಿ 5 ಲಕ್ಸ್ ಅಥವಾ ಹೆಚ್ಚು ಬೆಳಕಿದ್ದವರಲ್ಲಿ ಖಿನ್ನತೆಯ ಲಕ್ಷಣಗಳು ಹೆಚ್ಚೆಂದು 2013ರಲ್ಲಿ ವರದಿಯಾಯಿತು. ಆರಂಭದಲ್ಲಿ ಲಕ್ಷಣವಿಲ್ಲದವರನ್ನು ಹಿಂಬಾಲಿಸಿ ನೋಡಿದ 2018ರ ವರದಿಯೂ ಅದನ್ನೇ ಹೇಳಿತು. ಒಂದು ಮೇಣದಬತ್ತಿ ಒಂದು ಮೀಟರ್ ದೂರಕ್ಕೆ ಕೊಡುವುದು ಸುಮಾರು 1 ಲಕ್ಸ್. ಇದರಿಂದ 5 ಲಕ್ಸ್ ಎಷ್ಟು ಅಲ್ಪವೆಂದು ಊಹಿಸಬಹುದು. ಹಾಗೆಂದು ಬೆಳಕೇ ಕಾರಣವೆಂದು ಖಚಿತವಾಗಿ ಹೇಳಲಾಗದು. ನಿದ್ದೆ ಬಾರದವರು, ಮನಸ್ಸು ಕುಗ್ಗಿದವರು ದೀಪ ಹಾಕಿಕೊಂಡು ಕೂರುವುದೂ ಉಂಟಲ್ಲವೇ?

ಹಗಲಿನ ಬೆಳಕಿನ ಮಾತು ಬೇರೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ಒಳಗೆ ಹೋಗುವ ಬೆಳಕೇ ಕಡಿಮೆ. ಇದೇ ನೆದರ್ಲ್ಯಾಂಡ್ಸ್‌ನ 12 ವೃದ್ಧರ ವಸತಿಗಳಲ್ಲಿ, 189 ಜನರ ಮೇಲೆ ಫಾನ್ ಸೋಮರೆನ್ ಅವರ ತಂಡ ಪ್ರಯೋಗ ನಡೆಸಿತು. ಹಗಲೆಲ್ಲಾ ಸುಮಾರು 1000 ಲಕ್ಸ್ ಬೆಳಕಿದ್ದ ಕಡೆ ಖಿನ್ನತೆಯ ಲಕ್ಷಣಗಳು ಶೇ. 19ರಷ್ಟು ಕಡಿಮೆಯೆಂದು 2008ರಲ್ಲಿ ಪ್ರಕಟವಾಯಿತು. ಆದ್ದರಿಂದ ಬೆಳಿಗ್ಗೆ ಕಾಫಿಯಾದ ಮೇಲೆ ಮಾವನವರನ್ನೋ ಅತ್ತೆಯವರನ್ನೋ ಹೊರಗೆ ಒಂದು ಸುತ್ತು ಕರೆದೊಯ್ಯಿರಿ. ಮೋಡವಿದ್ದರೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ರಾತ್ರಿಗೆ ಬೆಳಕು ತಡೆಯುವ ದಪ್ಪ ಪರದೆ ಹಾಕಿಸಿ. ಆದರೆ ಪೂರ್ತಿ ಕತ್ತಲು ಮಾಡಿ ಮಲಗಿಸಬೇಡಿ. ಇಲ್ಲಿನ ಮನೆಗಳ ಕಡಿದಾದ ಮೆಟ್ಟಿಲು ನಮಗೇ ಭಯ, ಹೊಸಬರ ಗತಿ ಏನು! ಶೌಚಾಲಯದ ದಾರಿಯಲ್ಲಿ, ನೆಲದ ಮಟ್ಟದಲ್ಲಿ, ಕಾಲು ಸುಳಿದಾಗ ಮಾತ್ರ ಉರಿಯುವ ಹಳದಿ ಸೆನ್ಸರ್ ದೀಪ ಸಾಕು.

ಎರಡು ವಾರ ದಾಟಿದರೂ ಮಂಕು ಕವಿದೇ ಇದ್ದರೆ, ಊಟ ಸೇರದಿದ್ದರೆ, ಪರದೆಯನ್ನು ನಂಬಿ ಕೂರದೆ ಹೌಸ್‌ಆರ್ಟ್ಸ್ ಬಳಿ ಕರೆದೊಯ್ಯಿರಿ. ಪ್ರವಾಸ ವಿಮೆಯ ಕಾಗದ ಕೈಯಲ್ಲಿರಲಿ.