ಆವಕಕ್ಕೆ ಬೀಳದ ಅರ್ಜಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಿಂದ ಪ್ರತಿವರ್ಷವೂ ಮಳೆಗಾಲದಲ್ಲಿ, ಟ್ರಂಕಿನ ತಳದಲ್ಲಿ ಕರದಂಟಿನ ಪೊಟ್ಟಣವನ್ನೂ ಅದರ ಮೇಲೆ ಅಂಕಪಟ್ಟಿಗಳ ಕಡತವನ್ನೂ ಇಟ್ಟುಕೊಂಡು, ಧಾರವಾಡಕ್ಕೋ ಬೆಳಗಾವಿಗೋ ಅಥವಾ ಮನೆಯ ಮಗ್ಗುಲಲ್ಲಿಯೇ ಇರುವ ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯಕ್ಕೋ ಹೊರಡುವ ಹುಡುಗ-ಹುಡುಗಿಯರಲ್ಲಿ ಕೆಲವರು ದೀಪಾವಳಿಯೊಳಗೇ ಗಂಟುಮೂಟೆಸಹಿತ ಮರಳಿ ಬರುವುದುಂಟು. ಮೆಸ್ಸಿನ ಅನ್ನ ಒಗ್ಗದೆ ಕಾಮಾಲೆಯಾಗುವುದು, ಬೇರೆಡೆ ಇನ್ನೂ ಒಳ್ಳೆಯ ಸೀಟು ದೊರೆಯುವುದು, ಹಿರಿಯ ವಿದ್ಯಾರ್ಥಿಗಳ ಉಪದ್ರವ, ತಂದೆಯ ಅನಾರೋಗ್ಯ, ಹೀಗೆ ಕಾರಣಗಳು ಹಲವು. ಮರಳಿ ಬರುವುದರಲ್ಲಿ ಅವಮಾನವೂ ಇಲ್ಲ, ಅಪರಾಧವೂ ಇಲ್ಲ. ಆದರೆ ಬರುವ ರೀತಿಯಲ್ಲಿ ಆಗುವ ಒಂದು ಲೋಪದಿಂದ, ಒಂದೆರಡು ಎಕರೆ ಕಬ್ಬಿನ ಬಿಲ್ಲಿನಷ್ಟು ಹಣವನ್ನು ಈ ಕುಟುಂಬಗಳು ಸುಮ್ಮನೆ ಬಿಟ್ಟುಕೊಡುವುದನ್ನು ಕಂಡು ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಅವರು ವಕೀಲನ ಬಾಗಿಲಿಗೆ ಬರುವುದು ಸಂಕ್ರಾಂತಿಯ ಆಚೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಚಿ ಮಡಿಚಿ ಹರಿದ ರಸೀದಿಗಳು. ಅವುಗಳ ನಡುವೆ, ಸಂಸ್ಥೆಯ ಹೆಸರಾಗಲಿ ಮೊಹರಾಗಲಿ ಇಲ್ಲದೆ, ‘ಮೆಸ್ಸ ಅಡ್ವಾನ್ಸ’ ಎಂಬ ಎರಡು ಪದಗಳನ್ನೂ ಒಂದು ಮೊತ್ತವನ್ನೂ ಯಾರದೋ ಗೀಚುಸಹಿಯನ್ನೂ ಹೊತ್ತ ಒಂದು ಚೀಟಿ. ಬಿಡುವ ಅರ್ಜಿ ಎಲ್ಲಿ ಎಂದು ಕೇಳಿದರೆ ಬರುವ ಉತ್ತರವೂ ಒಂದೇ: “ಫೋನ್ ಮಾಡಿ ಹೇಳೀವ್ರೀ ವಕೀಲರ, ವಾರ್ಡನ್ ಸಾಹೇಬ್ರು ಆತು ಅಂದಿದ್ರು.” ಆ ‘ಆತು’ ಎಂಬ ಮಾತನ್ನು ನೆಚ್ಚಿ ಮೂರು ತಿಂಗಳು ಸುಮ್ಮನಿದ್ದ ಕುಟುಂಬಕ್ಕೆ, ಮೂಲ ಅಂಕಪಟ್ಟಿ ಕೇಳಲು ಹೋದಾಗ, ಇಡೀ ವರ್ಷದ ಬಾಕಿ ಕಟ್ಟಿ ಒಯ್ಯಿರಿ ಎಂಬ ಉತ್ತರ ಕಿಟಕಿಯಿಂದ ಬರುತ್ತದೆ.

ಕಾನೂನು ಇಲ್ಲಿ ವಿದ್ಯಾರ್ಥಿಯ ಪಕ್ಷದಲ್ಲಿಯೇ ಇದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಅಂದರೆ ಯುಜಿಸಿಯು, 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ, ಪ್ರವೇಶದ ಅಧಿಕೃತ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮುಂಚೆ ಪ್ರವೇಶವನ್ನು ಹಿಂತೆಗೆದುಕೊಂಡವನಿಗೆ ಪೂರ್ಣ ಶುಲ್ಕ, ಹದಿನೈದಕ್ಕಿಂತ ಕಡಿಮೆ ದಿನ ಉಳಿದಾಗ ಬಿಟ್ಟವನಿಗೆ ಶೇ. 90, ಕೊನೆಯ ದಿನದ ನಂತರ ಹದಿನೈದು ದಿನಗಳೊಳಗೆ ಬಿಟ್ಟವನಿಗೆ ಶೇ. 80, ಅಲ್ಲಿಂದ ಮೂವತ್ತನೆಯ ದಿನದವರೆಗೆ ಶೇ. 50 ಮರಳಿಸತಕ್ಕದ್ದು, ಮೂವತ್ತು ದಿನ ಮೀರಿದರೆ ಸೊನ್ನೆ. ಪೂರ್ಣ ಮರುಪಾವತಿಯ ಸಂದರ್ಭದಲ್ಲಿ ಮಾತ್ರ ಶೇ. 5ನ್ನು, ಅದೂ 5,000 ರೂಪಾಯಿಗೆ ಮೀರದಂತೆ, ಕಡಿತ ಮಾಡಿಕೊಳ್ಳಬಹುದು. 40,000 ರೂಪಾಯಿ ಕಟ್ಟಿದವನು ಕೊನೆಯ ದಿನದ ನಂತರ ಹತ್ತನೆಯ ದಿನ ಬಿಟ್ಟರೆ 32,000, ಇಪ್ಪತ್ತನೆಯ ದಿನ ಬಿಟ್ಟರೆ 20,000, ಮೂವತ್ತೊಂದನೆಯ ದಿನ ಬಿಟ್ಟರೆ ಏನೂ ಇಲ್ಲ. ಠೇವಣಿಯ ಹಣ ಈ ಲೆಕ್ಕದ ಹೊರಗಿನದು. ಅದನ್ನು ಪೂರ್ತಿಯಾಗಿ ಮರಳಿಸಲೇಬೇಕು.

ಇಷ್ಟೆಲ್ಲ ಉದಾರವಾಗಿರುವ ಈ ಅಧಿಸೂಚನೆಯ ಎರಡು ಮಾತುಗಳ ಮೇಲೆಯೇ ನಮ್ಮವರು ಜಾರಿ ಬೀಳುವುದು. ದಿನಗಳನ್ನು ಎಣಿಸುವುದು ಹುಡುಗ ಕೋಣೆ ಖಾಲಿ ಮಾಡಿದ ದಿನದಿಂದಲ್ಲ, ಹಿಂತೆಗೆತದ ಸೂಚನೆ ಸಂಸ್ಥೆಗೆ ತಲುಪಿದ ದಿನದಿಂದ. ಹಣ ಮರಳಿಸಲು ವಿಧಿಸಿರುವ ಹದಿನೈದು ದಿನಗಳ ಗಡುವು ಆರಂಭವಾಗುವುದು ಲಿಖಿತ ಅರ್ಜಿ ಕೈಸೇರಿದ ದಿನದಿಂದ. ಆದುದರಿಂದ ಹುಡುಗನು ಮನೆಯಲ್ಲಿ ಕುಳಿತು ಪಥ್ಯದ ಗಂಜಿ ಕುಡಿಯುತ್ತಿರುವಾಗಲೂ, ಕಾಗದ ಕೊಡದವರೆಗೆ, ಕಡತದಲ್ಲಿ ಅವನು ಆ ಸಂಸ್ಥೆಯ ವಿದ್ಯಾರ್ಥಿಯೇ. ಅವನ ಹಣ ದಿನದಿಂದ ದಿನಕ್ಕೆ ಕರಗುತ್ತಿರುತ್ತದೆ. ಫೋನಿನಲ್ಲಿ ‘ಆತು’ ಎಂದ ಪುಣ್ಯಾತ್ಮರಿಗೆ ಇದು ತಿಳಿಯದ ವಿಷಯವೆಂದು ನಾನು ನಂಬಲಾರೆ.

ಮಾಡಬೇಕಾದುದು ಇಷ್ಟೇ. ಅರ್ಜಿಯನ್ನು ಎರಡು ಪ್ರತಿಗಳಲ್ಲಿ ಬರೆದು, ಆವಕ-ಜಾವಕ ವಿಭಾಗಕ್ಕೆ ತಾವೇ ಒಯ್ದು ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಆವಕ ಸಂಖ್ಯೆ, ದಿನಾಂಕ, ಮೊಹರು ಹಾಕಿಸಿಕೊಳ್ಳುವುದು. ‘ಇಟ್ಟು ಹೋಗ್ರಿ, ಸಾಹೇಬ್ರು ಬಂದ ಮ್ಯಾಲೆ ನೋಡ್ತೀವಿ’ ಎಂದರೆ ಇಟ್ಟು ಹೋಗಬಾರದು. ಸ್ವೀಕರಿಸಲು ನಿರಾಕರಿಸಿದರೆ ಅದೇ ದಿನ ಸಂಸ್ಥೆಯ ಅಧಿಕೃತ ಇ-ಮೇಲ್ ವಿಳಾಸಕ್ಕೆ ಕಳುಹಿಸಿ, ಜೊತೆಗೆ ಅಂಚೆಯಲ್ಲಿಯೂ ಹಾಕಬೇಕು. ಅಂಚೆಯೊಂದನ್ನೇ ನೆಚ್ಚಿದರೆ, ಹಾಕಿದ ದಿನವಲ್ಲ, ತಲುಪಿದ ದಿನ ಲೆಕ್ಕಕ್ಕೆ ಬರುವುದರಿಂದ, ಶೇ. 80ರ ಗಡಿಯಲ್ಲಿರುವವನು ಶೇ. 50ಕ್ಕೆ ಇಳಿದಾನು. ಅರ್ಜಿಗೆ ಸಹಿ ವಿದ್ಯಾರ್ಥಿಯದೇ ಇರಲಿ. ಹದಿನೆಂಟು ತುಂಬಿದವನ ಪರವಾಗಿ ತಂದೆ ಸಹಿ ಮಾಡಿದ್ದಾನೆಂಬ ಒಂದೇ ನೆಪದ ಮೇಲೆ ಅರ್ಜಿಯನ್ನು ಮೂಲೆಗೆ ಸರಿಸಿಯಾರು.

ಕಾರಣವನ್ನು ನಿಜವಾಗಿ ಬರೆಯಬೇಕು. ಉಪದ್ರವ ತಾಳಲಾರದೆ ಬಿಡುವ ಹುಡುಗನಿಗೆ ಗುಮಾಸ್ತನು ‘ವೈಯಕ್ತಿಕ ಕಾರಣ ಅಂತ ಬರೀ, ಲಗೂ ಆಗತೈತಿ’ ಎಂದು ಹೇಳಿಕೊಡುವುದುಂಟು. ಆ ಎರಡು ಪದಗಳಿಂದ ಮುಂದಿನ ದೂರಿನ ಬೇರೇ ಕತ್ತರಿಸಿಹೋಗುತ್ತದೆ. ರ್ಯಾಗಿಂಗಿನ ವಿರುದ್ಧ ಯುಜಿಸಿಯ 2009ರ ನಿಯಮಾವಳಿಯಿದೆ, 1800-180-5522 ಎಂಬ ಸಹಾಯವಾಣಿಯಿದೆ. ಇದಕ್ಕೆ ಹೆಸರು ಹೇಳಿಕೊಳ್ಳದೆಯೂ ದೂರು ಕೊಡಬಹುದು.

ಇನ್ನು ಅಪವಾದಗಳು, ಅವು ನಿಯಮಕ್ಕಿಂತ ಹೆಚ್ಚು. ಮೇಲೆ ಹೇಳಿದ ಕೋಷ್ಟಕ ಅನ್ವಯಿಸುವುದು ಕಾಲೇಜನ್ನೇ ಬಿಡುವವನಿಗೆ. ಕಾಲೇಜಿನಲ್ಲಿ ಉಳಿದು ವಸತಿನಿಲಯವನ್ನು ಮಾತ್ರ ಬಿಡುವವನನ್ನು ಆಳುವುದು ಆ ನಿಲಯದ ನಿಯಮಪುಸ್ತಕ. ಅದನ್ನು ಓದದೆ ಸಹಿ ಮಾಡಬಾರದು, ಖಾಲಿ ಬಾಂಡ್ ಕಾಗದದ ಮೇಲಂತೂ ಯಾರು ಹೇಳಿದರೂ ಸಹಿ ಹಾಕಕೂಡದು. ಖರ್ಚನ್ನು ಎಲ್ಲರೂ ಹಂಚಿಕೊಳ್ಳುವ ಡಿವೈಡಿಂಗ್ ಪದ್ಧತಿಯ ಮೆಸ್ಸಿನಲ್ಲಿ ಊರಿಗೆ ಹೋದ ದಿನಗಳ ಪಾಲು ಕಳೆಯಬೇಕಾದರೆ ಹೋಗುವ ಮುನ್ನವೇ ರಜೆಯ ಪುಸ್ತಕದಲ್ಲಿ ಹೆಸರು ಬರೆದಿರಬೇಕು. ಅರಭಾವಿಯಂಥ ಕಡೆ ಸಿಇಟಿ ಮೂಲಕ ಸೀಟು ಪಡೆದವರು ಪರೀಕ್ಷಾ ಪ್ರಾಧಿಕಾರದ ಸೀಟು ರದ್ದತಿಯ ನಿಯಮಗಳನ್ನು ಬೇರೆಯಾಗಿ ನೋಡಬೇಕು. ಎಂಜಿನಿಯರಿಂಗಿನವರಿಗೆ ತಾಂತ್ರಿಕ ಶಿಕ್ಷಣ ಮಂಡಳಿಯ, ಅಂದರೆ ಎಐಸಿಟಿಇಯ, ಸುತ್ತೋಲೆಗಳು. ಪಿಯುಸಿ ವಸತಿ ಕಾಲೇಜುಗಳಿಗೆ ಯುಜಿಸಿಯ ಮಾತು ಮುಟ್ಟುವುದೇ ಇಲ್ಲ. ಅಲ್ಲದೆ ಕೆಲವು ವರ್ಷಗಳಲ್ಲಿ ಯುಜಿಸಿ ಇನ್ನೂ ಉದಾರವಾದ ಪ್ರತ್ಯೇಕ ಸುತ್ತೋಲೆ ಹೊರಡಿಸಿದೆ: 2024-25ರಲ್ಲಿ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ಣ ಹಣವೆಂದೂ, ಅಕ್ಟೋಬರ್ 31ರವರೆಗೆ ಬಿಟ್ಟವರಿಂದ 1,000 ರೂಪಾಯಿಗಿಂತ ಹೆಚ್ಚು ಮುರಿಯಕೂಡದೆಂದೂ ಅದು ವಿಧಿಸಿತ್ತು. ಆಯಾ ವರ್ಷದ ಸುತ್ತೋಲೆಯನ್ನು ಮೊದಲು ನೋಡಿರಿ.

ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವುದನ್ನು ಅದೇ 2018ರ ಅಧಿಸೂಚನೆ ನಿಷೇಧಿಸಿದೆ. ಪರಿಶೀಲಿಸಿ ಅಲ್ಲಿಯೇ ಮರಳಿಸಿ, ಸ್ವಯಂದೃಢೀಕೃತ ಪ್ರತಿಗಳನ್ನು ಇಟ್ಟುಕೊಳ್ಳಬೇಕೆಂಬುದು ನಿಯಮ. ಆದರೂ ಪ್ರವೇಶದ ದಿನ ಮೂಲಪತ್ರಗಳ ಕಟ್ಟನ್ನು ಕೇಳದ ಕಚೇರಿಯನ್ನು ನಾನು ಕಂಡಿಲ್ಲ. ಕೊಡಲೇಬೇಕಾಗಿ ಬಂದರೆ, ಏನೇನು ಕೊಟ್ಟಿರೆಂಬ ಪಟ್ಟಿಗೆ ಸಹಿ ಮೊಹರು ಪಡೆಯದೆ ಕೊಡಬೇಡಿರಿ.

ಹಣ ಬಾರದಿದ್ದರೆ ಮೊದಲು ಹೋಗಬೇಕಾದದ್ದು 2023ರ ಯುಜಿಸಿ ನಿಯಮಾವಳಿ ಪ್ರಕಾರ ಇರಲೇಬೇಕಾದ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಗೆ. ಅದು ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರಿಂದ ತೃಪ್ತಿಯಾಗದಿದ್ದರೆ ಹದಿನೈದು ದಿನಗಳೊಳಗೆ, ಕುಂದುಕೊರತೆ ಆಲಿಸುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಬಿಟ್ಟ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ್ದೆಂದು ಮೊದಲು ಖಚಿತಪಡಿಸಿಕೊಳ್ಳಿರಿ. ನಮ್ಮ ಮೂರೂ ತಾಲೂಕುಗಳ ಪದವಿ ಕಾಲೇಜುಗಳು 2010ರ ತನಕ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೆಳಗಿದ್ದವು. ಈಗ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕೆಳಗಿವೆ. ಅರಭಾವಿಯದು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ತಪ್ಪು ವಿಳಾಸಕ್ಕೆ ಹೋದ ಮನವಿಯನ್ನು ಯಾರೂ ದಾರಿ ತಪ್ಪಿದ ಮಗುವನ್ನು ಮನೆಗೆ ತಲುಪಿಸುವಂತೆ ತಲುಪಿಸುವುದಿಲ್ಲ.

ಪ್ರವೇಶದ ಕೊನೆಯ ದಿನಾಂಕ ಯಾವುದು ಎಂಬುದೇ ವಿವಾದವಾದಾಗ 10 ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ಸುತ್ತೋಲೆಯ ಪ್ರತಿ ಪಡೆಯಿರಿ. ಮೂವತ್ತು ದಿನಗಳಲ್ಲಿ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆವೇಶದಿಂದ ನಾಲ್ಕು ಪುಟ ಬರೆದರೆ ತಿರಸ್ಕರಿಸಲು ಅಧಿಕಾರಿಗೆ ಅಷ್ಟೇ ಸಾಕು.

ಬಸ್ ನಿಲ್ದಾಣದ ಸುತ್ತ ಸುಳಿಯುವ ಮಧ್ಯಸ್ಥರು ಗ್ರಾಹಕ ಆಯೋಗದಲ್ಲಿ ಕೇಸು ಹಾಕಿಸಿ ದುಪ್ಪಟ್ಟು ಕೊಡಿಸುತ್ತೇವೆಂದು ಮುಂಗಡ ಕೀಳುತ್ತಾರೆ. ವಿದ್ಯಾರ್ಥಿ ಗ್ರಾಹಕನಲ್ಲವೆಂದು ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿರುವುದನ್ನು ಅವರು ಹೇಳುವುದಿಲ್ಲ. ಅವರಿಗೆ ಕೊಡುವ ಹಣ ಉಳಿಸಿ, ನ್ಯಾಯಾಲಯದ ಆವರಣದಲ್ಲಿಯೇ ಇರುವ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ, ಅಥವಾ 15100ಕ್ಕೆ ಕರೆ ಮಾಡಿರಿ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರ ನೆರವು ಉಚಿತ. ಉಳಿದ ಹುಡುಗರಲ್ಲಿ ಹೆಚ್ಚಿನವರು ಆದಾಯಮಿತಿಯೊಳಗಿರಬೇಕಾದುದರಿಂದ, ಹೊರಡುವ ಮುನ್ನ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಲಿ.