ಎರಡು ಫಂಕ್ಷನ್‌ಗಳು ಸಮವಾಗುವುದು ಯಾವಾಗ?

ಕೊಟ್ಟ ಪ್ರತಿಯೊಂದು ಸಂಖ್ಯೆಗೂ ನಿಯಮದ ಪ್ರಕಾರ ಒಂದೇ ಒಂದು ಉತ್ತರವನ್ನು ನೀಡುವುದನ್ನು ಫಂಕ್ಷನ್ ಅಥವಾ ಉತ್ಪನ್ನ ಎನ್ನುತ್ತೇವೆ. ಈ ಎರಡು ನಿಯಮಗಳನ್ನು ಗಮನಿಸಿರಿ.

ಒಂದನೆಯದು: ಸಂಖ್ಯೆಗೆ ಅದೇ ಸಂಖ್ಯೆಯನ್ನು ಕೂಡಿಸಿರಿ.
ಎರಡನೆಯದು: ಸಂಖ್ಯೆಯನ್ನು 2ರಿಂದ ಗುಣಿಸಿರಿ.

7ನ್ನು ಕೊಟ್ಟರೆ ಎರಡರಿಂದಲೂ 14 ದೊರೆಯುತ್ತದೆ. ಬರೆದ ರೀತಿ ಬೇರೆ, ಉತ್ತರ ಒಂದೇ. ಒಂದೇ ಗಣದ ಸಂಖ್ಯೆಗಳನ್ನು ತೆಗೆದುಕೊಂಡು, ಪ್ರತಿಯೊಂದಕ್ಕೂ ಒಂದೇ ಉತ್ತರವನ್ನು ನೀಡುವ ಫಂಕ್ಷನ್‌ಗಳು ಗಣಿತದಲ್ಲಿ ಸಮ.

ಹಾಗಾದರೆ ಕೆಲವು ಸಂಖ್ಯೆಗಳನ್ನು ಪರೀಕ್ಷಿಸಿ ನೋಡಿದರೆ ಸಾಲದೆ? ಗಣಿತಜ್ಞ ಆಯ್ಲರನ ಹೆಸರಿನಿಂದ ಪ್ರಸಿದ್ಧವಾದ ನ × ನ + ನ + 41 ಎಂಬ ಉಕ್ತಿಯನ್ನು ತೆಗೆದುಕೊಳ್ಳೋಣ. ಇದರ ಬೆಲೆ ಅವಿಭಾಜ್ಯ ಸಂಖ್ಯೆಯಾದರೆ 'ಕ' ಎಂಬ ಫಂಕ್ಷನ್ 'ಹೌದು' ಎನ್ನಲಿ, ಇಲ್ಲವಾದರೆ 'ಅಲ್ಲ' ಎನ್ನಲಿ. 'ಖ' ಎಂಬುದು ಯಾವಾಗಲೂ 'ಹೌದು' ಎನ್ನಲಿ. ನ ಎಂಬುದು 0ಯಿಂದ 39ರವರೆಗೆ ಯಾವುದಾಗಿದ್ದರೂ ಎರಡರ ಉತ್ತರವೂ 'ಹೌದು'. ಆದರೆ ನ = 40 ಆದಾಗ ಬೆಲೆ 1681, ಅಂದರೆ 41 × 41. ಈಗ 'ಕ' ಮಾತ್ರ 'ಅಲ್ಲ' ಎನ್ನುತ್ತದೆ. ನಲವತ್ತು ಬಾರಿ ಹೊಂದಿಕೆಯಾದರೂ ಅವು ಸಮವಲ್ಲ!

ಕಂಪ್ಯೂಟರಿನಲ್ಲಿ ನಿಧಾನವಾದ ಫಂಕ್ಷನ್ ಒಂದನ್ನು ತೆಗೆದು ವೇಗವಾದುದನ್ನು ಇಡುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಯಾವ ಎರಡು ಪ್ರೋಗ್ರಾಂಗಳನ್ನು ಕೊಟ್ಟರೂ ಅವು ಸಮವೇ ಎಂದು ತಪ್ಪದೆ ತೀರ್ಮಾನಿಸುವ ಒಂದು ವಿಧಾನ ಇರಲಾರದು ಎಂಬುದು, 1936ರಲ್ಲಿ ಅಲೊಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಪ್ರಕಟಿಸಿದ ಕೆಲಸದಿಂದ ತಿಳಿದುಬಂತು. ಆದುದರಿಂದಲೇ 1990ರಲ್ಲಿ ಹೊರಬಂದ ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಎರಡು ಸಂಖ್ಯೆಗಳ ನಡುವೆ == ಎಂಬ ಚಿಹ್ನೆಯನ್ನು ಹಾಕಿ ಸಮವೇ ಎಂದು ಕೇಳಬಹುದು. ಎರಡು ಫಂಕ್ಷನ್‌ಗಳ ನಡುವೆ ಅದನ್ನು ಹಾಕಿದರೆ, ಸಾಮಾನ್ಯವಾಗಿ ಪ್ರೋಗ್ರಾಂ ನಡೆಯುವ ಮೊದಲೇ ತಪ್ಪೆಂಬ ಸೂಚನೆ ಬರುತ್ತದೆ.

ಹಾಗೆಂದು ಸಮತೆಯನ್ನು ಎಂದಿಗೂ ತಿಳಿಯಲಾಗದು ಎಂದಲ್ಲ. ಕೊಡಬಹುದಾದ ಬೆಲೆಗಳು 'ನಿಜ', 'ಸುಳ್ಳು' ಎಂಬ ಎರಡೇ ಆಗಿದ್ದರೆ ಎರಡನ್ನೂ ಪರೀಕ್ಷಿಸಿದರೆ ಸಾಕು. ಬೆಲೆಗಳು ಅನಂತವಾಗಿದ್ದರೆ ಸಾಧನೆ ಬೇಕು. ವಿಭಾಜಕ ನಿಯಮದಂತೆ,

ಅ + ಅ = (1 + 1) × ಅ = 2 × ಅ

ಈ ಒಂದು ಸಾಲು ಎಲ್ಲ ಸಂಖ್ಯೆಗಳಿಗೂ ಅನ್ವಯಿಸುತ್ತದೆ. ಉದಾಹರಣೆಗಳು ಊಹೆಗೆ ದಾರಿ ತೋರುತ್ತವೆ; ನಿಶ್ಚಯಕ್ಕೆ ಕಾರಣವೇ ಬೇಕು.

ಅಭ್ಯಾಸ

1. (ಅ + 1) × (ಅ + 1) ಮತ್ತು ಅ × ಅ + 2 × ಅ + 1 ಇವು ಸಮವೆಂದು ಸಾಧಿಸಿರಿ.
2. ಅ × ಅ ಮತ್ತು ಅ ಇವುಗಳ ಉತ್ತರ ಬೇರೆಯಾಗುವ ಒಂದು ಸಂಖ್ಯೆಯನ್ನು ಬರೆಯಿರಿ. 0 ಮತ್ತು 1ನ್ನು ಮಾತ್ರ ಕೊಡಬಹುದಾದರೆ ಇವು ಸಮವೇ? ಚರ್ಚಿಸಿರಿ.