ಆಸ್ತಿ ತೆರಿಗೆಗೆ ಮಿತಿ: ಕ್ಯಾಲಿಫೋರ್ನಿಯಾದ ಅನುಭವ

ಮನೆ ಕಂದಾಯದ ಪರಿಷ್ಕರಣೆ ಸಭೆಯ ಮುಂದೆ ಬಂದಾಗಲೆಲ್ಲ ರಿಯಾಯಿತಿಯ ಕೋರಿಕೆಯೂ ಬರುತ್ತದೆ. ಅಂತಹ ಕೋರಿಕೆಯನ್ನು ಎಲ್ಲರಿಗೂ ಒಟ್ಟಾಗಿ ಮನ್ನಿಸಿದ ಅಮೆರಿಕದ ಒಂದು ರಾಜ್ಯದ ಅನುಭವ ಸದಸ್ಯರ ಅಧ್ಯಯನಕ್ಕೆ ಯೋಗ್ಯವಾಗಿದೆ.

1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮನೆಗಳ ಬೆಲೆ ಶೀಘ್ರವಾಗಿ ಏರಿ, ಮಾರುಕಟ್ಟೆ ಮೌಲ್ಯವನ್ನು ಅನುಸರಿಸುವ ತೆರಿಗೆಯೂ ಏರಿತು. ಬೆಲೆ ಏರಿದ ಮಾತ್ರಕ್ಕೆ ಮಾಲೀಕರ ಕೈಯಲ್ಲಿ ಹಣ ಹೆಚ್ಚುವುದಿಲ್ಲ. ನಿವೃತ್ತಿ ವೇತನವನ್ನೇ ನಂಬಿದ ವೃದ್ಧರಿಗೆ ಸ್ವಂತ ಮನೆಯೇ ಭಾರವಾಯಿತು. ಅವರ ಅಹವಾಲು ನ್ಯಾಯವಾದುದೇ ಆಗಿತ್ತು. ಹೊವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಮುಂದಿಟ್ಟ 13ನೇ ಪ್ರಸ್ತಾವವನ್ನು 1978ರ ಜೂನ್ 6ರಂದು ಮತದಾರರು ಅಂಗೀಕರಿಸಿದರು. ಅದರಂತೆ ಮೌಲ್ಯವನ್ನು 1975-76ರ ಮಟ್ಟಕ್ಕೆ ಇಳಿಸಿ, ಸಾಮಾನ್ಯ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೂ, ಮೌಲ್ಯದ ವಾರ್ಷಿಕ ಏರಿಕೆಯನ್ನು ಶೇ. 2ಕ್ಕೂ ಮಿತಿಗೊಳಿಸಲಾಯಿತು. ಆಸ್ತಿ ಕೈ ಬದಲಾದಾಗ ಅಥವಾ ಹೊಸ ನಿರ್ಮಾಣವಾದಾಗ ಮಾತ್ರ ಮರುಮೌಲ್ಯಮಾಪನ.

ವೃದ್ಧರಿಗೆ ನೆಮ್ಮದಿ ದೊರೆಯಿತು. ಆದರೆ ಅದೇ ಮಿತಿ ದೊಡ್ಡ ವಾಣಿಜ್ಯ ಕಟ್ಟಡಗಳಿಗೂ ದೊರೆಯಿತು. ಒಂದೇ ಬೀದಿಯ, ಒಂದೇ ಅಳತೆಯ ಮನೆಗಳಲ್ಲಿ ಹೊಸದಾಗಿ ಕೊಂಡವರು ಹಳಬರಿಗಿಂತ ಹಲವು ಪಟ್ಟು ತೆರಿಗೆ ಕಟ್ಟಬೇಕಾಯಿತು. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1992ರಲ್ಲಿ ಆ ವ್ಯವಸ್ಥೆಯನ್ನೇ ಎತ್ತಿಹಿಡಿಯಿತು. ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಆದಾಯ ಅರ್ಧಕ್ಕೂ ಹೆಚ್ಚು ಕುಸಿದು, ಅವು ರಾಜ್ಯದ ಅನುದಾನಕ್ಕೆ ಕೈಚಾಚಿದವು. ಅನುದಾನಕ್ಕೆ ಕಾಯುವ ಸ್ಥಿತಿ ನಮ್ಮ ಸದಸ್ಯರಿಗೆ ಅಪರಿಚಿತವೇನಲ್ಲ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 199ನೇ ಪ್ರಕರಣವು ಕಟ್ಟಡಗಳ ಮೇಲೆ ತೆರಿಗೆ ವಿಧಿಸುವ ಅಧಿಕಾರವನ್ನು ಗ್ರಾಮ ಪಂಚಾಯಿತಿಗೇ ನೀಡಿದೆ. ರಿಯಾಯಿತಿಯ ಚರ್ಚೆಗೆ ಮೊದಲು, ನಿಜವಾಗಿ ಕಟ್ಟಲಾಗದ ಕುಟುಂಬಗಳೆಷ್ಟು, ಕಟ್ಟಬಲ್ಲವರ ಬಾಕಿ ಎಷ್ಟು, ಬಿಟ್ಟುಕೊಡುವ ಮೊತ್ತದಿಂದ ನೀರು ಹಾಗೂ ಬೀದಿದೀಪದ ಯಾವ ವೆಚ್ಚಕ್ಕೆ ಕೊರತೆಯಾಗುತ್ತದೆ ಎಂಬ ಲೆಕ್ಕವನ್ನು ಬೇಡಿಕೆ, ವಸೂಲಿ ಮತ್ತು ಬಾಕಿ ವಹಿಯಿಂದ ತೆಗೆಸಿ ಸಭೆಯಲ್ಲಿ ಓದಿಸತಕ್ಕದ್ದು.